ಪರಾಗಸ್ಪರ್ಶ ಆದ ಕೂಡಲೇ ಬೀಜ ಆಗುತ್ತದೆ ಅಂತಲೇ ಮಕ್ಕಳು ಬರೆಯುತ್ತಾರೆ: ಸಸ್ಯಗಳ ಸಂತಾನೋತ್ಪತ್ತಿ ಪಾಠ ಎಲ್ಲಿಂದ ಶುರು ಮಾಡಬೇಕು?

ಹಸಿರುಹಲಗೆ
ಹೂವಿನ ಚಿತ್ರ ಬಿಡಿಸಿ ಭಾಗ ಗುರುತಿಸಿ ಅಂದರೆ ಮಕ್ಕಳು ಅಚ್ಚುಕಟ್ಟಾಗಿ ಮಾಡುತ್ತಾರೆ. ಕೇಸರ, ಅದರ ತುದಿಯ ಪರಾಗಕೋಶ, ಪರಾಗ ಹಿಡಿಯುವ ಶಲಾಕಾಗ್ರ, ಅದರ ಕೆಳಗಿನ ಶಲಾಕಾನಳಿಕೆ, ಬುಡದ ಅಂಡಾಶಯ, ಅದರೊಳಗಿನ ಅಂಡಕ, ಒಂದೂ ತಪ್ಪುವುದಿಲ್ಲ. ಅದೇ ಮಕ್ಕಳಿಗೆ "ಪರಾಗರೇಣು ಶಲಾಕಾಗ್ರದ ಮೇಲೆ ಬಿದ್ದ ನಂತರ ಏನಾಗುತ್ತದೆ?" ಅಂತ ಕೇಳಿ, "ಬೀಜ ಆಗುತ್ತದೆ" ಅನ್ನುವ ಒಂದೇ ಸಾಲು ಬರುತ್ತದೆ. ಪರಾಗಸ್ಪರ್ಶಕ್ಕೂ ನಿಷೇಚನಕ್ಕೂ (ಗಂಡು ಲಿಂಗಾಣು ಅಂಡವನ್ನು ಸೇರುವುದು) ವ್ಯತ್ಯಾಸ ಕೇಳಿದರೆ ವ್ಯಾಖ್ಯೆ ಒಪ್ಪಿಸುತ್ತಾರೆ. ಆದರೆ ಅವೆರಡರ ನಡುವೆ ಸಮಯವೂ ಇದೆ, ದೂರವೂ ಇದೆ ಅನ್ನುವುದು ತಲೆಗೆ ಹೋಗಿರುವುದಿಲ್ಲ. ಹೂವೇ ಕಾಯಿಯಾಗುತ್ತದೆ ಅನ್ನುವುದೂ ಎಷ್ಟೋ ಮಕ್ಕಳಿಗೆ ಸ್ಪಷ್ಟವಿಲ್ಲ.

ಇರುವುದು 45 ನಿಮಿಷದ 7 ಪೀರಿಯಡ್, ಒಂದು ಸೂಕ್ಷ್ಮದರ್ಶಕ, ಬೇಕಾದಷ್ಟು ದಾಸವಾಳ. ಪರಾಗನಾಳ (ರೇಣು ಮೊಳೆತು ಅಂಡಕದ ಕಡೆಗೆ ಬೆಳೆಯುವ ನಾಳ) ತೋರಿಸೋಣ ಅಂತ ದಾಸವಾಳದ ಪರಾಗವನ್ನು ಸಕ್ಕರೆ ನೀರಿಗೆ ಹಾಕಿದರೆ ಮೊಳೆಯುವುದಿಲ್ಲ, ಬರೀ ನೀರಿಗೆ ಹಾಕಿದರೆ ಒಡೆದೇ ಹೋಗುತ್ತದೆ. ಕೇಳಬೇಕಾದ್ದು ಎರಡು. ಪಾಠದ ಅನುಕ್ರಮ ಹೇಗಿರಬೇಕು? ಪರಾಗನಾಳವನ್ನು ಒಂದೇ ಪೀರಿಯಡ್‌ನಲ್ಲಿ ತೋರಿಸಲು ಯಾವ ಹೂ, ಯಾವ ದ್ರಾವಣ?

ಎರಡುಬೇಳೆ
ಹೂವಿನಿಂದ ಶುರು ಮಾಡಬೇಡಿ, ಕಾಯಿಯಿಂದ ಶುರು ಮಾಡಿ. ಹಸಿ ಬಟಾಣಿಕಾಯಿ ಅಥವಾ ಅವರೆಕಾಯಿ ಒಬ್ಬೊಬ್ಬರಿಗೆ ಒಂದು ಕೊಡಿ. ಬಿಡಿಸುವ ಮೊದಲು ಹೊರಗಡೆ ನೋಡಲಿ. ತೊಟ್ಟಿನ ಹತ್ತಿರ ಒಣಗಿದ ಪುಷ್ಪಪತ್ರಗಳ (ಹೂವಿನ ಹೊರಸುತ್ತಿನ ಹಸಿರು ಎಸಳುಗಳ) ಬಟ್ಟಲು ಇನ್ನೂ ಅಂಟಿಕೊಂಡಿರುತ್ತದೆ. ಇನ್ನೊಂದು ತುದಿಯಲ್ಲಿ ಚಿಕ್ಕ ಕೊಕ್ಕಿನಂಥ ಮೊನೆ ಇರುತ್ತದಲ್ಲ, ಅದು ಒಣಗಿದ ಶಲಾಕಾನಳಿಕೆಯ ಉಳಿಕೆ. ಹೂವಿನ ಗುರುತು ಕಾಯಿಯ ಮೇಲೇ ಇದೆ ಅಂತ ಕಂಡಮೇಲೆ "ಹಾಗಾದರೆ ಕಾಯಿ ಹೂವಿನ ಯಾವ ಭಾಗ?" ಅನ್ನುವ ಪ್ರಶ್ನೆ ಮಕ್ಕಳಿಂದಲೇ ಬರುತ್ತದೆ.

ಆಮೇಲೆ ಒಂದು ಅಂಚಿನ ಉದ್ದಕ್ಕೂ ಬಿಡಿಸಲಿ. ಕಾಳುಗಳು ಒಂದೇ ಅಂಚಿಗೆ ಅಂಟಿರುತ್ತವೆ. ಕಾಯಿ ಎರಡು ಹೋಳಾದಾಗ ಒಂದು ಕಾಳು ಈ ಹೋಳಿಗೆ, ಮುಂದಿನದು ಆ ಹೋಳಿಗೆ ಹೋಗಿರುತ್ತದೆ. ದಪ್ಪ ಕಾಳುಗಳ ನಡುವೆ ಅಥವಾ ತುದಿಯಲ್ಲಿ ಸಾಸಿವೆಗಿಂತ ಸಣ್ಣ, ಚಪ್ಪಟೆಯಾಗಿ ಮುರುಟಿದ ಒಂದೆರಡು ಚುಕ್ಕೆ ಸಿಗುತ್ತವೆ. ಅವು ನಿಷೇಚನವಾಗದ ಅಥವಾ ಅರ್ಧಕ್ಕೇ ಬೆಳವಣಿಗೆ ನಿಂತ ಅಂಡಕಗಳು. ಎಷ್ಟು ತುಂಬಿವೆ, ಎಷ್ಟು ಮುರುಟಿವೆ ಅಂತ ಪ್ರತಿಯೊಬ್ಬರೂ ಎಣಿಸಿ ಬೋರ್ಡಿನ ಮೇಲೆ ಬರೆಯಲಿ. "ಒಂದೇ ಕಾಯಿಯೊಳಗೆ ಇದು ಬೆಳೆಯಿತು, ಪಕ್ಕದ್ದು ಯಾಕೆ ಬೆಳೆಯಲಿಲ್ಲ?" ಅನ್ನುವ ಪ್ರಶ್ನೆಗೆ ಉತ್ತರ ಹುಡುಕುವುದೇ ಮುಂದಿನ 6 ಪೀರಿಯಡ್.

ಸೂಜಿಮಲ್ಲಿ
ಎರಡುಬೇಳೆ ಅವರು ಹೇಳಿದ್ದು ಚೆನ್ನಾಗಿದೆ. ಆದರೆ ಪಠ್ಯದ ಕ್ರಮ ಬಿಟ್ಟು ಹೋದರೆ ಮಕ್ಕಳಿಗೆ ಗೊಂದಲ ಆಗುವುದಿಲ್ಲವೇ? ಭಾಗಗಳ ಹೆಸರೇ ಗೊತ್ತಿಲ್ಲದೆ ಶಲಾಕಾನಳಿಕೆಯ ಉಳಿಕೆ ಅಂದರೆ ಏನು ಅರ್ಥವಾದೀತು?

ಎರಡುಬೇಳೆ
ಮೊದಲ ದಿನ ಹೆಸರು ಹೇಳಲೇಬೇಡಿ ಮೇಡಂ. "ಈ ಮೊನೆ" ಅಂದರೆ ಸಾಕು. ಮರುದಿನ ಹೂವಿನಲ್ಲಿ ಅದೇ ಮೊನೆ ಸಿಕ್ಕಾಗ ಹೆಸರು ಕೊಡಿ. ಕೈಗೆ ಸಿಕ್ಕ ವಸ್ತುವಿಗೆ ಕೊಟ್ಟ ಹೆಸರು ಮರೆಯುವುದಿಲ್ಲ.

ಲ್ಯಾಬ್‌ಮೂಲೆ
ಪರಾಗನಾಳದ ಪ್ರಶ್ನೆಗೆ ಬರುತ್ತೇನೆ. ದಾಸವಾಳ ಬಿಡಿ. ಅದರ ಪರಾಗರೇಣು ದೊಡ್ಡದು, ಮೈತುಂಬ ಮುಳ್ಳು, ನೋಡಲು ಅದ್ಭುತ. ಆದರೆ ಸ್ಲೈಡ್ ಮೇಲೆ ಮೊಳೆಯಿಸುವುದು ಕಷ್ಟ. ಕರ್ಣಕುಂಡಲ ತಗೊಳ್ಳಿ. ಹೊಸದಾಗಿ ತಂದ ಹೂವಾದರೆ 10ರಿಂದ 30 ನಿಮಿಷದಲ್ಲಿ ನಾಳ ಕಾಣಿಸುತ್ತದೆ, ಅಂದರೆ ಒಂದು ಪೀರಿಯಡ್‌ನೊಳಗೆ ಕೆಲಸ ಮುಗಿಯುತ್ತದೆ. ಎರಡನೇ ಆಯ್ಕೆ ನಿತ್ಯಪುಷ್ಪ, ಅದಕ್ಕೆ ಹೆಚ್ಚು ಹೊತ್ತು ಬೇಕು.

ದ್ರಾವಣಕ್ಕೆ 1963ರಲ್ಲಿ ಬ್ರೂಬೇಕರ್ ಮತ್ತು ಕ್ವಾಕ್ ಅನ್ನುವ ವಿಜ್ಞಾನಿಗಳು ಕೊಟ್ಟ ಪ್ರಮಾಣವೇ ಇವತ್ತಿಗೂ ಚಾಲ್ತಿಯಲ್ಲಿದೆ. 100 ಮಿಲಿ ನೀರಿಗೆ ಸಕ್ಕರೆ 10 ಗ್ರಾಂ, ಬೋರಿಕ್ ಆಮ್ಲ 10 ಮಿಲಿಗ್ರಾಂ, ಕ್ಯಾಲ್ಸಿಯಂ ನೈಟ್ರೇಟ್ 30 ಮಿಲಿಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 20 ಮಿಲಿಗ್ರಾಂ, ಪೊಟ್ಯಾಸಿಯಂ ನೈಟ್ರೇಟ್ 10 ಮಿಲಿಗ್ರಾಂ. ಶಾಲೆಯ ತಕ್ಕಡಿಯಲ್ಲಿ 10 ಮಿಲಿಗ್ರಾಂ ತೂಗಲು ಆಗುವುದಿಲ್ಲ. ಅದಕ್ಕೆ ಮೊದಲು ಗಟ್ಟಿ ದ್ರಾವಣ ಮಾಡಿಟ್ಟುಕೊಳ್ಳಿ. ಬೋರಿಕ್ ಆಮ್ಲ 1 ಗ್ರಾಂ ಅನ್ನು 100 ಮಿಲಿ ನೀರಿಗೆ ಕರಗಿಸಿ. ಅದರಲ್ಲಿ 1 ಮಿಲಿ ತೆಗೆದರೆ ಸರಿಯಾಗಿ 10 ಮಿಲಿಗ್ರಾಂ. ಇದೇ ರೀತಿ ಕ್ಯಾಲ್ಸಿಯಂ ನೈಟ್ರೇಟ್ 3 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 2 ಗ್ರಾಂ, ಪೊಟ್ಯಾಸಿಯಂ ನೈಟ್ರೇಟ್ 1 ಗ್ರಾಂ, ಒಂದೊಂದೂ ಬೇರೆ ಬೇರೆ ಬಾಟಲಿಯಲ್ಲಿ. ಸಕ್ಕರೆ ದ್ರಾವಣಕ್ಕೆ ಎಲ್ಲದರಿಂದ 1 ಮಿಲಿ ಹಾಕಿ, ಕೊನೆಗೆ ಒಟ್ಟು 100 ಮಿಲಿಗೆ ಏರಿಸಿ. ಗಟ್ಟಿ ದ್ರಾವಣಗಳನ್ನು ಒಂದಕ್ಕೊಂದು ನೇರವಾಗಿ ಬೆರೆಸಬೇಡಿ. ಕ್ಯಾಲ್ಸಿಯಂ ಮತ್ತು ಸಲ್ಫೇಟ್ ಸೇರಿದರೆ ಜಿಪ್ಸಂ ಆಗಿ ತಳದಲ್ಲಿ ಬಿಳಿ ಗಸಿ ಕೂರುತ್ತದೆ.

ಕರ್ಣಕುಂಡಲಕ್ಕೆ ಸಾಮಾನ್ಯವಾಗಿ ಸಕ್ಕರೆ ಮತ್ತು ಬೋರಿಕ್ ಆಮ್ಲ ಎರಡೇ ಇದ್ದರೂ ನಡೆಯುತ್ತದೆ. ಸಕ್ಕರೆ ದ್ರಾವಣ ಮಾತ್ರ ಅದೇ ದಿನ ಮಾಡಿದ್ದಾಗಿರಬೇಕು. ಹಳೆಯದರಲ್ಲಿ ಬೂಷ್ಟು ಬರುತ್ತದೆ.

ಮೊಗ್ಗುಮೊಳೆ
ಸಕ್ಕರೆ ಯಾಕೆ, ಬೋರಾನ್ ಯಾಕೆ ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಏನು ಹೇಳಬೇಕು?

ಲ್ಯಾಬ್‌ಮೂಲೆ
ಸಕ್ಕರೆಗೆ ಎರಡು ಕೆಲಸ. ಒಂದು, ಆಹಾರ. ಇನ್ನೊಂದು, ಅಭಿಸರಣದ ಸಮತೋಲ. ಬರೀ ನೀರಲ್ಲಿ ರೇಣುವಿನೊಳಕ್ಕೆ ನೀರು ನುಗ್ಗಿ ಅದು ಬಿರಿಯುತ್ತದೆ, ಹಸಿರುಹಲಗೆ ಅವರು ನೋಡಿದ್ದು ಅದನ್ನೇ. ಆ ಒಡೆಯುವುದನ್ನು ಕೆಡುಕು ಅಂತ ಎಸೆಯಬೇಡಿ, ಅದನ್ನೇ ಹೋಲಿಕೆಯ ಸ್ಲೈಡ್ ಆಗಿ ಇಡಿ. ಅಭಿಸರಣ ಪಾಠಕ್ಕೂ ಕೊಂಡಿ ಸಿಗುತ್ತದೆ. ಬೋರಾನ್ ನಾಳದ ಗೋಡೆ ಕಟ್ಟಲು ಬೇಕು, ಕ್ಯಾಲ್ಸಿಯಂ ನಾಳದ ತುದಿ ಬೆಳೆಯಲು ಬೇಕು.

ಹೂವಿನ ಆಯ್ಕೆಯಲ್ಲೇ ಅರ್ಧ ಜನ ಎಡವುವುದು. ಕರ್ಣಕುಂಡಲದಲ್ಲಿ 5 ಪರಾಗಕೋಶಗಳೂ ಕೂಡಿ ಶಲಾಕಾಗ್ರದ ಮೇಲೆ ಬಿಳಿ ಟೊಪ್ಪಿಯ ಹಾಗೆ ಕೂತಿರುತ್ತವೆ. ಆ ಟೊಪ್ಪಿ ಇರುವ ಹೂವಿನಲ್ಲಿ ಮಾತ್ರ ಪರಾಗ ಸಿಗುತ್ತದೆ. ಟೊಪ್ಪಿ ಕಳಚಿ ಹಸಿರು ಮೊನೆ ಕಾಣುತ್ತಿದ್ದರೆ ಆ ಹೂ ಗಂಡು ಹಂತ ಮುಗಿಸಿ ಹೆಣ್ಣು ಹಂತಕ್ಕೆ ಬಂದಿದೆ ಅಂತ ಅರ್ಥ. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ, ಒಂದೇ ಹೂವಿನಲ್ಲಿ ಸ್ವಕೀಯ ಪರಾಗಸ್ಪರ್ಶ ತಪ್ಪುವ ಬಗೆ ಅಲ್ಲೇ ಕಂಡುಬಿಡುತ್ತದೆ.

ತೆನೆಕಟ್ಟು
ಕವರ್ ಸ್ಲಿಪ್ ಹಾಕಬೇಕಾ ಬೇಡವಾ?

ಲ್ಯಾಬ್‌ಮೂಲೆ
ಮೊದಲ 15 ನಿಮಿಷ ಬೇಡ. ಕವರ್ ಸ್ಲಿಪ್ ಒತ್ತಿದರೆ ಗಾಳಿ ಸಿಗದೆ ನಾಳದ ಬೆಳವಣಿಗೆ ನಿಲ್ಲುತ್ತದೆ. ಪೆಟ್ರಿ ತಟ್ಟೆಯಲ್ಲಿ ಒದ್ದೆ ಕಾಗದ ಹಾಸಿ, ಎರಡು ಬೆಂಕಿಕಡ್ಡಿ ಇಟ್ಟು, ಅದರ ಮೇಲೆ ಸ್ಲೈಡ್ ಇಟ್ಟು ಮುಚ್ಚಿ. 25ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. ನೋಡುವಾಗ 100 ಪಟ್ಟು ಸಾಕು. ಪರಾಗವನ್ನು ಸೂಜಿಯ ತುದಿಯಲ್ಲಿ ತೆಳ್ಳಗೆ ಉದುರಿಸಬೇಕು. ಗುಪ್ಪೆ ಹಾಕಿದರೆ ನಾಳಗಳು ಹೆಣೆದುಕೊಂಡು ಯಾವುದು ಯಾವುದರದ್ದು ಗೊತ್ತಾಗುವುದಿಲ್ಲ. ಹಾಗಂತ ತೀರಾ ನಾಲ್ಕೈದೇ ರೇಣು ಹಾಕಿದರೂ ಮೊಳೆಯುವುದು ಕಡಿಮೆ. ಗುಂಪಿನಲ್ಲಿದ್ದಾಗ ಚೆನ್ನಾಗಿ ಮೊಳೆಯುವ ಗುಣ ಪರಾಗಕ್ಕಿದೆ, ಅದರ ಹಿಂದೆ ಇರುವುದೂ ಕ್ಯಾಲ್ಸಿಯಂ.

ದಾಸವಾಳಪ್ರಿಯ
ದಾಸವಾಳವನ್ನು ಇಷ್ಟು ಸುಲಭವಾಗಿ ಪಕ್ಕಕ್ಕೆ ತಳ್ಳಬೇಡ್ರೀ. ಛೇದನಕ್ಕೆ ಅದಕ್ಕಿಂತ ಒಳ್ಳೆಯ ಹೂ ಯಾವುದಿದೆ? ಭಾಗಗಳೆಲ್ಲ ದೊಡ್ಡವು, ಮಸೂರವೂ ಬೇಡ. ಉಪಪುಷ್ಪಪತ್ರ, ಪುಷ್ಪಪತ್ರ, ದಳ ಒಂದೊಂದಾಗಿ ಬಿಡಿಸಿ, ಕೇಸರ ನಾಳವನ್ನು ಸೂಜಿಯಿಂದ ಉದ್ದಕ್ಕೆ ಸೀಳಿದರೆ ಒಳಗಿಂದ ದಾರದಂಥ ಶಲಾಕಾನಳಿಕೆ ಬರುತ್ತದೆ. ಮೇಲೆ 5 ಮಖಮಲ್ಲಿನ ಗುಂಡುಗಳು, ಅವು ಶಲಾಕಾಗ್ರ. ಕೆಳಗೆ ಅಂಡಾಶಯವನ್ನು ಅಡ್ಡಕ್ಕೆ ಕತ್ತರಿಸಿದರೆ 5 ಕೋಣೆ. ಅಷ್ಟುದ್ದದ ನಳಿಕೆಯನ್ನು ಕೈಯಲ್ಲಿ ಹಿಡಿದು "ರೇಣು ಇಲ್ಲಿ ಬಿತ್ತು, ಅಂಡಕ ಅಲ್ಲಿದೆ, ತಲುಪುವುದು ಹೇಗೆ?" ಅಂತ ಕೇಳಿದರೆ ಹಸಿರುಹಲಗೆ ಅವರ ಮೊದಲ ಪ್ರಶ್ನೆಗೆ ಅದೇ ಉತ್ತರ.

ಎರಡುಬೇಳೆ
ಛೇದನಕ್ಕೆ ದಾಸವಾಳ ಒಪ್ಪೋಣ. ಆದರೆ ಅದು ಕಾಯಿ ಕಟ್ಟುವುದು ಅಪರೂಪ. ತೋಟದ ತಳಿಗಳಲ್ಲಿ ಬಹುಪಾಲು ಹೂ ಅರಳಿ ಹಾಗೇ ಉದುರುತ್ತದೆ. ದಾಸವಾಳ ಒಂದನ್ನೇ ತೋರಿಸಿದರೆ ಹೂವಿಗೂ ಕಾಯಿಗೂ ಸಂಬಂಧ ಮಕ್ಕಳ ಕಣ್ಣಿಗೆ ಬೀಳುವುದೇ ಇಲ್ಲ. ಅದರ ಬಂಧು ಬೆಂಡೆ ಇದೆಯಲ್ಲ, ಅದೇ ಕೇಸರ ನಾಳ, ಅದೇ ಬಗೆಯ ಶಲಾಕಾಗ್ರ, ಜೊತೆಗೆ ಕಾಯಿಯೂ ಸಿಗುತ್ತದೆ. ಬೆಂಡೆಯ ಹೂ ಬೆಳಗ್ಗೆ ಅರಳಿ ಅವತ್ತೇ ಮುದುಡುತ್ತದೆ. ವಾರದೊಳಗೆ ಕಾಯಿ ಬೆರಳುದ್ದ ಆಗಿರುತ್ತದೆ. ಒಂದೇ ಗಿಡದಲ್ಲಿ ತುದಿಗೆ ಮೊಗ್ಗು, ಕೆಳಗೆ ಅರಳಿದ ಹೂ, ಅದರ ಕೆಳಗೆ ಎಳೆಕಾಯಿ, ಬುಡದ ಕಡೆ ಬಲಿತ ಕಾಯಿ. ನಾಲ್ಕನ್ನೂ ಅಡ್ಡ ಕೊಯ್ದು ಸಾಲಾಗಿ ಇಡಿ. ದಾಸವಾಳದ ಅಂಡಾಶಯದಲ್ಲಿ ಕಂಡ ಕೋಣೆಗಳೇ ಬೆಂಡೆಕಾಯಿಯಲ್ಲಿ ಕಾಣುತ್ತವೆ.

ಬಿತ್ತಿದ 40ರಿಂದ 50 ದಿನಕ್ಕೆ ಹೂ ಬರುತ್ತದೆ. ಪಾಠದ ದಿನದಿಂದ ಹಿಂದಕ್ಕೆ ಎಣಿಸಿ 8 ವಾರ ಮೊದಲು ಬಿತ್ತಿ.

ನೆರಳುಗಿಡ
ಅಲಂಕಾರದ ಸುತ್ತುದಾಸವಾಳ ತರಬೇಡಿ. ಎಸಳು ಹೆಚ್ಚಿರುವ ತಳಿಗಳಲ್ಲಿ ಕೇಸರಗಳೇ ದಳಗಳಾಗಿ ಬದಲಾಗಿರುತ್ತವೆ. ಮಕ್ಕಳು ಕೇಸರ ಹುಡುಕಿ ಸುಸ್ತಾಗುತ್ತಾರೆ.

ತೆನೆಕಟ್ಟು
ಪರಾಗಸ್ಪರ್ಶಕ್ಕೂ ನಿಷೇಚನಕ್ಕೂ ನಡುವಿನ ಸಮಯ ತೋರಿಸಲು ಮೆಕ್ಕೆಜೋಳಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಯಾರೂ ಅದರ ಹೆಸರೇ ಎತ್ತಲಿಲ್ಲ!

ತೆನೆಯ ತುದಿಯಿಂದ ಹೊರಬರುವ ಒಂದೊಂದು ಕೂದಲೂ ಒಂದೊಂದು ಕಾಳಿನ ಶಲಾಕಾನಳಿಕೆ ಮತ್ತು ಶಲಾಕಾಗ್ರ. ಸಿಪ್ಪೆಯನ್ನು ಹುಷಾರಾಗಿ ಬಿಡಿಸಿ ಒಂದು ಕೂದಲನ್ನು ಹಿಡಿದು ಹಿಂದಕ್ಕೆ ಹೋದರೆ ಅದು ಒಂದೇ ಒಂದು ಎಳೆಕಾಳಿಗೆ ಹೋಗಿ ಸೇರುತ್ತದೆ. ಒಂದು ಕೂದಲಿಗೆ ಒಂದು ರೇಣುವಾದರೂ ಬೀಳಬೇಕು, ಇಲ್ಲದಿದ್ದರೆ ಅಲ್ಲಿ ಕಾಳಿಲ್ಲ. ತೆನೆಯಲ್ಲಿ ಹಲ್ಲು ಬಿದ್ದ ಹಾಗೆ ಕಾಣುವ ಖಾಲಿ ಜಾಗಗಳು ಹೆಚ್ಚಾಗಿ ಇದೇ ಲೆಕ್ಕ. ಬುಡದ ಕಾಳುಗಳ ಕೂದಲು ಮೊದಲು ಹೊರಬರುತ್ತದೆ, ತುದಿಯದ್ದು ಕೊನೆಗೆ. ಅಷ್ಟರಲ್ಲಿ ಸೂಲಂಗಿಯ (ಗಿಡದ ತುದಿಯ ಗಂಡು ಹೂಗೊಂಚಲಿನ) ಪರಾಗ ಮುಗಿದಿದ್ದರೆ ತುದಿ ಬೋಳು.

ಪರಾಗನಾಳ ಮೆಕ್ಕೆಜೋಳದಲ್ಲಿ ಗಂಟೆಗೆ ಸುಮಾರು 1 ಸೆಂಟಿಮೀಟರ್ ಓಡುತ್ತದೆ. ಸಸ್ಯಲೋಕದಲ್ಲಿ ಅದು ಭಾರಿ ವೇಗ. ಆದರೂ ಅಂಡಕ ಮುಟ್ಟಲು ಹೆಚ್ಚುಕಡಿಮೆ ಒಂದು ದಿನ ಬೇಕು. ಈಗ ಪ್ರಶ್ನೆ: ಪರಾಗ ಬಿದ್ದ 1 ಗಂಟೆಗೆ ಕೂದಲನ್ನು ಬುಡಕ್ಕೆ ಕತ್ತರಿಸಿದರೆ ಕಾಳು ಆಗುತ್ತದಾ? 2 ದಿನ ಬಿಟ್ಟು ಕತ್ತರಿಸಿದರೆ? ವ್ಯಾಖ್ಯೆ ಬಾಯಿಪಾಠ ಮಾಡಿದ ಮಗು ಇಲ್ಲಿ ಸಿಕ್ಕಿಬೀಳುತ್ತದೆ, ಅರ್ಥ ಮಾಡಿಕೊಂಡ ಮಗು ಲೆಕ್ಕ ಹಾಕುತ್ತದೆ.

ಜೇನುಗೂಡು
ಪ್ರಶ್ನೆಯಾಗಿ ಸರಿ. ಗಿಡದ ಮೇಲೆ ಮಾಡಲು ಹೊರಟರೆ ಕೆಡುತ್ತದೆ. ಕೂದಲಿನ ತುದಿ ಮಾತ್ರ ಅಲ್ಲ, ಉದ್ದಕ್ಕೂ ಪರಾಗ ಹಿಡಿಯುತ್ತದೆ. ಕತ್ತರಿಸಿದ ಮೇಲೂ, ನಿಷೇಚನ ಆಗದಿದ್ದರೆ, ಉಳಿದ ಮೋಟು ಬೆಳೆದು ಸಿಪ್ಪೆಯಿಂದ ಹೊರಗೆ ಬರುತ್ತದೆ, ಮತ್ತೆ ಗಾಳಿಯಲ್ಲಿ ಬಂದ ಪರಾಗ ಅದರ ಮೇಲೆ ಬೀಳುತ್ತದೆ. ಕಾಳು ಕಟ್ಟಿತು ಅಂತ ಮಕ್ಕಳು ಉಲ್ಟಾ ತೀರ್ಮಾನಕ್ಕೆ ಬರುತ್ತಾರೆ.

ತೆನೆಕಟ್ಟು
ಅದಕ್ಕೇ ಚೀಲ ಕಟ್ಟಬೇಕು. ಕೂದಲು ಹೊರಬರುವ ಮೊದಲೇ ತೆನೆಗೆ ಕಾಗದದ ಚೀಲ, ಪರಾಗ ಉದುರಿಸುವಾಗ ಮಾತ್ರ ತೆಗೆದು ತಕ್ಷಣ ಮತ್ತೆ ಚೀಲ, ಕತ್ತರಿಸಿದ ಮೇಲೂ ಚೀಲ. ಅಷ್ಟು ತಾಳ್ಮೆ ಇಲ್ಲದವರಿಗೆ ಸುಲಭದ ದಾರಿ ಇನ್ನೊಂದಿದೆ. ನಿಷೇಚನವಾದ ಎರಡು ಮೂರು ದಿನದಲ್ಲಿ ಕೂದಲು ಕಾಳಿನಿಂದ ತಾನಾಗಿಯೇ ಕಳಚುತ್ತದೆ. ಎಳೆತೆನೆಯ ಸಿಪ್ಪೆ ಉದ್ದಕ್ಕೆ ಸೀಳಿ ಬಿಡಿಸಿ, ತೆನೆಯನ್ನು ತಲೆಕೆಳಗೆ ಹಿಡಿದು ಮೆಲ್ಲಗೆ ಅಲುಗಾಡಿಸಿ. ಉದುರಿದ ಕೂದಲಿನ ಕಾಳುಗಳಲ್ಲಿ ನಿಷೇಚನ ಆಗಿದೆ, ಅಂಟಿಕೊಂಡೇ ಇರುವುದರಲ್ಲಿ ಆಗಿಲ್ಲ. ಬೆಳೆ ನೋಡುವವರು ಹೊಲದಲ್ಲಿ ಮಾಡುವ ಪರೀಕ್ಷೆಯೇ ಇದು.

ಸೂಜಿಮಲ್ಲಿ
ಇದು ಗೊತ್ತಿರಲಿಲ್ಲ, ಬಹಳ ಉಪಯುಕ್ತ.

ಜೇನುಗೂಡು
ಚೀಲದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. "ಕೀಟ ಬರದಂತೆ ಮುಚ್ಚಿದರೆ ಕಾಯಿ ಆಗುವುದಿಲ್ಲ" ಅನ್ನುವ ಪ್ರಯೋಗವನ್ನು ಎಷ್ಟೋ ಕಡೆ ಬಟಾಣಿ, ಬೀನ್ಸ್ ಮೇಲೆ ಮಾಡಿಸುತ್ತಾರೆ. ಕಾಯಿ ಚೆನ್ನಾಗಿ ಕಟ್ಟುತ್ತದೆ! ಬಟಾಣಿಯಲ್ಲಿ ಹೂ ಅರಳುವ ಮೊದಲೇ ಒಳಗೊಳಗೆ ಸ್ವಕೀಯ ಪರಾಗಸ್ಪರ್ಶ ಮುಗಿದಿರುತ್ತದೆ. ಟೊಮೆಟೊ ಕೂಡ ಗಾಳಿಗೆ ಅಲುಗಾಡಿದರೆ ಸಾಕು.

ಈ ಪ್ರಯೋಗಕ್ಕೆ ಕುಂಬಳದ ಜಾತಿಯೇ ಸರಿ, ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ದಳದ ಕೆಳಗೆ ಪುಟ್ಟ ಕಾಯಿಯಂಥ ಅಂಡಾಶಯ ಇರುತ್ತದೆ, ಗಂಡು ಹೂವಿಗೆ ಬರೀ ತೊಟ್ಟು. ಹಿಂದಿನ ಸಂಜೆ, ನಾಳೆ ಅರಳಲಿರುವ, ತುದಿ ಹಳದಿ ತಿರುಗಿದ ಹೆಣ್ಣು ಮೊಗ್ಗುಗಳನ್ನು ಆರಿಸಿ ತೆಳು ಹತ್ತಿಬಟ್ಟೆ ಕಟ್ಟಿ. ಒಂದೆರಡು ಗಂಡು ಮೊಗ್ಗಿಗೂ ಕಟ್ಟಿ. ಬೆಳಗ್ಗೆ 9ರೊಳಗೆ ಗಂಡು ಹೂವಿನ ದಳ ಕಿತ್ತು, ಪರಾಗಕೋಶವನ್ನು ಹೆಣ್ಣಿನ ಶಲಾಕಾಗ್ರದ ಎಲ್ಲ ಹಾಲೆಗಳಿಗೂ ಮೆಲ್ಲಗೆ ಉಜ್ಜಿ ಮತ್ತೆ ಬಟ್ಟೆ ಕಟ್ಟಿ. ಉಳಿದ ಅರ್ಧದಷ್ಟು ಹೆಣ್ಣು ಹೂಗಳನ್ನು ಮುಟ್ಟದೆ ಕಟ್ಟಿದ ಹಾಗೇ ಬಿಡಿ. ಮುಟ್ಟದಿದ್ದವು ಕೆಲವೇ ದಿನದಲ್ಲಿ ಹಳದಿಯಾಗಿ ಉದುರುತ್ತವೆ, ಉಜ್ಜಿದವು ಉಬ್ಬುತ್ತವೆ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ, ಒಳಗೆ ಬೆವರಿ ಹೂ ಕೊಳೆಯುತ್ತದೆ. ಆಮೇಲೆ ಪರಾಗ ಇಲ್ಲದೆ ಕಾಯಿ ಆಗಲಿಲ್ಲವೋ, ಕೊಳೆತು ಆಗಲಿಲ್ಲವೋ ಹೇಳಲು ಬರುವುದಿಲ್ಲ.

ಹೀರೆ, ಸೋರೆ ಸಂಜೆ ಅರಳುತ್ತವೆ, ಶಾಲೆಯ ವೇಳೆಗೆ ಹೊಂದುವುದಿಲ್ಲ. ಸೌತೆ ಹಾಕುವುದಾದರೆ ತಳಿ ನೋಡಿ. ಪರಾಗವೇ ಇಲ್ಲದೆ ಕಾಯಿ ಕಟ್ಟುವ ಸೌತೆ ತಳಿಗಳಿವೆ, ಅದನ್ನು ಹಾಕಿದರೆ ಪ್ರಯೋಗ ಬುಡಮೇಲು.

ಪ್ರಶ್ನೆಚೀಲ
ಪರಾಗ ಇಲ್ಲದೆ ಕಾಯಿ ಕಟ್ಟುವುದು ಅಂದರೆ ಬಾಳೆಯ ಹಾಗೆ? ಬಾಳೆಯಲ್ಲಿ ಬೀಜವೇ ಇಲ್ಲ, ಮತ್ತೆ ಹಣ್ಣು ಹೇಗೆ ಅಂತ ಪ್ರತಿ ತರಗತಿಯಲ್ಲೂ ಒಬ್ಬರು ಕೇಳುತ್ತಾರೆ.

ನೆರಳುಗಿಡ
ಹೌದು. ನಾವು ಬೆಳೆಯುವ ಬಾಳೆಯ ತಳಿಗಳಲ್ಲಿ ಹೆಚ್ಚಿನವು ತ್ರಿಗುಣಿತ, ಅಂದರೆ ಪ್ರತಿ ಬಗೆಯ ವರ್ಣತಂತುವೂ ಎರಡರ ಬದಲು 3 ಇರುತ್ತದೆ. ಲಿಂಗಾಣು ಆಗುವಾಗಿನ ಕೋಶವಿಭಜನೆಯಾದ ಮಿಯಾಸಿಸ್‌ನಲ್ಲಿ ಅವು ಸರಿಯಾಗಿ ಹಂಚಿಕೆಯಾಗುವುದಿಲ್ಲ, ಲಿಂಗಾಣು ಕೆಡುತ್ತದೆ, ಬೀಜ ಆಗುವುದಿಲ್ಲ. ಅಂಡಾಶಯ ಮಾತ್ರ ನಿಷೇಚನದ ಹಂಗಿಲ್ಲದೆ ಬೆಳೆಯುತ್ತದೆ. ಹಣ್ಣನ್ನು ಅಡ್ಡ ಕತ್ತರಿಸಿದರೆ ನಡುವೆ ಕಾಣುವ ಕಪ್ಪು ಚುಕ್ಕೆಗಳು ಬೆಳೆಯದೆ ಉಳಿದ ಅಂಡಕಗಳು. ಬಟಾಣಿಯ ಮುರುಟಿದ ಕಾಳಿನ ಪಕ್ಕ ಇದನ್ನೂ ಇಡಿ. ಗಿಡ ಮುಂದುವರಿಯುವುದು ಕಂದಿನಿಂದ, ಅದು ಕಾಯಜ ಸಂತಾನೋತ್ಪತ್ತಿ, ಅಂದರೆ ಬೀಜವಿಲ್ಲದೆ ಗಿಡದ ಭಾಗದಿಂದಲೇ ಹೊಸ ಗಿಡ.

ಬೇರುಚಿಗುರು
ಕಾಯಜದ ಮಾತು ಬಂತಲ್ಲ, ಅದನ್ನು ಕೊನೆಯ ಪೀರಿಯಡ್‌ನಲ್ಲಿ ಗಡಿಬಿಡಿಯಲ್ಲಿ ಮುಗಿಸಬೇಡಿ, ಮೊದಲ ದಿನವೇ ನೆಟ್ಟುಬಿಡಿ. ಫಲಿತಾಂಶಕ್ಕೆ ದಿನ ಬೇಕು. ಕೋಲಿಯಸ್ ಕಡ್ಡಿ ನೀರಲ್ಲಿ ಇಟ್ಟರೆ 7ರಿಂದ 10 ದಿನಕ್ಕೆ ಬೇರು. ಕಾಡುಬಸಳೆಯ ಎಲೆಯನ್ನು ಒದ್ದೆ ಮರಳಿನ ಮೇಲೆ ಚಪ್ಪಟೆಯಾಗಿ ಇಟ್ಟರೆ ಅಂಚಿನ ಪ್ರತಿ ಕಚ್ಚಿನಿಂದ ಮರಿ. ದಾಸವಾಳದ ಕಡ್ಡಿಯಾದರೆ 15ರಿಂದ 20 ಸೆಂಟಿಮೀಟರ್, 3–4 ಗಿಣ್ಣು, ಕೆಳಗಿನ ಗಿಣ್ಣಿನ ಸ್ವಲ್ಪ ಕೆಳಗೆ ಓರೆ ಕಟ್. ಎಲೆ ಎರಡೇ ಉಳಿಸಿ. ಬೇರೇ ಇಲ್ಲದ ಕಡ್ಡಿಗೆ ಹತ್ತು ಎಲೆ ಇದ್ದರೆ ನೀರೆಲ್ಲ ಆವಿಯಾಗಿ ಬಾಡುತ್ತದೆ. ತಲೆಕೆಳಗೆ ನೆಟ್ಟರೆ ಬೇರು ಬರುವುದು ಬಹಳ ಕಷ್ಟ. ಅದಕ್ಕೇ ಮೇಲ್ತುದಿ ನೇರ ಕಟ್, ಕೆಳತುದಿ ಓರೆ ಕಟ್ ಅನ್ನುವ ಗುರುತು.

ಆಲೂಗಡ್ಡೆ ಕಾಂಡ, ಸಿಹಿಗೆಣಸು ಬೇರು. ಆಲೂಗಡ್ಡೆಯ ಕಣ್ಣುಗಳ ಪಕ್ಕ ಎಲೆಯ ಗಾಯದ ಗೆರೆ ತೋರಿಸಿ, ವಾದ ಮುಗಿಯಿತು.

ಹಸಿರುಹಲಗೆ
ಎಲ್ಲರಿಗೂ ಧನ್ಯವಾದ. ಒಂದು ವಿಷಯ ಉಳಿದಿದೆ. ದ್ವಿನಿಷೇಚನ (ಒಂದೇ ಅಂಡಕದಲ್ಲಿ ಎರಡು ಮಿಲನ) ಹತ್ತನೇ ತರಗತಿಗೆ ಬೇಕಾ? ಅಂಡಕದೊಳಗಿನ ಭ್ರೂಣಕೋಶದ 7 ಜೀವಕೋಶ, 8 ಕೋಶಕೇಂದ್ರ ಅಂತ ಶುರು ಮಾಡಿದರೆ ಮಕ್ಕಳ ಮುಖ ಬಾಡುತ್ತದೆ.

ಸೂಜಿಮಲ್ಲಿ
ಬೇಡ ಅನ್ನಿಸುತ್ತದೆ. ನಿಷೇಚನ ಅಂದರೆ ಗಂಡು ಲಿಂಗಾಣು, ಅಂಡ ಸೇರುವುದು. ಅಷ್ಟು ಗಟ್ಟಿಯಾದರೆ ಸಾಕು.

ಲ್ಯಾಬ್‌ಮೂಲೆ
ನನ್ನ ಮತ ಬೇರೆ. 7 ಜೀವಕೋಶದ ಹೆಸರೆಲ್ಲ ಬೇಡ, ಒಪ್ಪುತ್ತೇನೆ. ಆದರೆ "ಒಂದು ನಾಳ, ಎರಡು ಗಂಡು ಲಿಂಗಾಣು, ಎರಡು ಮಿಲನ" ಅನ್ನುವುದು ಬೇಕೇ ಬೇಕು. ಒಂದು ಅಂಡದೊಡನೆ ಕೂಡಿ ಯುಗ್ಮಜ, ಅದು ಭ್ರೂಣ. ಇನ್ನೊಂದು ನಡುವಿನ ಎರಡು ಧ್ರುವ ಕೋಶಕೇಂದ್ರಗಳೊಡನೆ ಕೂಡಿ ತ್ರಿಗುಣಿತ ಭ್ರೂಣಾಹಾರ, ಅಂದರೆ ಬೆಳೆಯುವ ಭ್ರೂಣಕ್ಕೆ ಆಹಾರ ಕೂಡಿಡುವ ಅಂಗಾಂಶ. ಇದನ್ನು ಬಿಟ್ಟರೆ ಬೀಜದೊಳಗೆ ಆಹಾರ ಎಲ್ಲಿಂದ ಬಂತು ಅನ್ನುವುದಕ್ಕೆ ಉತ್ತರವೇ ಇಲ್ಲ. 1898ರಲ್ಲಿ ರಷ್ಯಾದ ಸಸ್ಯವಿಜ್ಞಾನಿ ಸೆರ್ಗೈ ನವಾಶಿನ್ ಲಿಲ್ಲಿ ಜಾತಿಯ ಹೂಗಳಲ್ಲಿ ಇದನ್ನು ಕಂಡರು, ಮರುವರ್ಷ ಫ್ರಾನ್ಸಿನ ಗಿನ್ಯಾರ್ ಕೂಡ ಸ್ವತಂತ್ರವಾಗಿ ವರದಿ ಮಾಡಿದರು. ಪರಾಗನಾಳವನ್ನು ಇಟಲಿಯ ವಿಜ್ಞಾನಿ ಅಮಿಚಿ ಗೋಣಿಸೊಪ್ಪಿನ ಹೂವಿನಲ್ಲಿ ನೋಡಿ 1824ರಲ್ಲಿ ಪ್ರಕಟಿಸಿದ್ದರು. ನಾಳ ಕಂಡದ್ದಕ್ಕೂ ಒಳಗೆ ನಡೆಯುವ ಎರಡನೇ ಮಿಲನ ಕಂಡದ್ದಕ್ಕೂ ನಡುವೆ 74 ವರ್ಷ. ಅಷ್ಟು ಸೂಕ್ಷ್ಮವಾದದ್ದನ್ನು ಮಕ್ಕಳು ಚಿತ್ರದಲ್ಲಿ ಒಂದೇ ನೋಟಕ್ಕೆ ಹಿಡಿಯಬೇಕು ಅಂತ ನಿರೀಕ್ಷಿಸುವುದು ತಪ್ಪು, ಸಮಯ ಕೊಡಿ.

ತೋರಿಸಲು ತೆಂಗಿನಕಾಯಿ ಸಾಕು. ಎಳನೀರು ಜೀವಕೋಶಗಳಾಗಿ ಇನ್ನೂ ವಿಂಗಡವಾಗದ ಭ್ರೂಣಾಹಾರ, ಅದರಲ್ಲಿ ಕೋಶಕೇಂದ್ರಗಳು ತೇಲುತ್ತಿರುತ್ತವೆ. ಕಾಯಿ ತಿರುಳು ಅದೇ ಭ್ರೂಣಾಹಾರ, ಗೋಡೆ ಕಟ್ಟಿ ಜೀವಕೋಶಗಳಾದದ್ದು. ಭ್ರೂಣ ಎಲ್ಲಿ? ಮೂರು ಕಣ್ಣಿನಲ್ಲಿ ಮೆತ್ತಗಿರುವ ಕಣ್ಣಿನ ಕೆಳಗೆ, ತಿರುಳಿನಲ್ಲಿ ಹುದುಗಿದ ಬಿಳಿ ಮೊಳೆ. ಬಲಿತ ಕಾಯಿ ಒಡೆದು ಅದನ್ನು ಸೂಜಿಯಿಂದ ಎತ್ತಿ ತೋರಿಸಬಹುದು.

ಪ್ರಶ್ನೆಚೀಲ
ಹಾಗಾದರೆ ಬಟಾಣಿಯಲ್ಲಿ ಭ್ರೂಣಾಹಾರ ಎಲ್ಲಿ? ಎರಡು ಬೇಳೆ ಬಿಟ್ಟರೆ ಏನೂ ಕಾಣುವುದಿಲ್ಲ.

ಎರಡುಬೇಳೆ
ಬೀಜ ಬಲಿಯುವಾಗ ಬೇಳೆಗಳೇ ಅದನ್ನು ಹೀರಿಕೊಂಡು ದಪ್ಪಗಾಗಿರುತ್ತವೆ. ಮೆಕ್ಕೆಜೋಳ, ಹರಳಿನಲ್ಲಿ ಉಳಿದಿರುತ್ತದೆ. ಹರಳು ಬೀಜ ಮಾತ್ರ ಮಕ್ಕಳ ಕೈಗೆ ಕೊಡಬೇಡಿ, ವಿಷ. ಗುಲಗಂಜಿ, ದತ್ತೂರಿ, ಕಣಗಿಲೆಯೂ ಅಷ್ಟೇ. ಬಿತ್ತನೆಗೆಂದು ಬಣ್ಣದ ಔಷಧ ಲೇಪಿಸಿದ ಬೀಜಗಳೂ ಬೇಡ. ಮೆಕ್ಕೆಜೋಳದ ಕಾಳನ್ನು ರಾತ್ರಿ ನೆನೆಸಿ ಉದ್ದಕ್ಕೆ ಸೀಳಿ ಅಯೋಡಿನ್ ಹನಿ ಹಾಕಿದರೆ ಭ್ರೂಣಾಹಾರ ಕಡುನೀಲಿ, ಭ್ರೂಣ ಬಹುಪಾಲು ಹಾಗೇ ಉಳಿಯುತ್ತದೆ. ನೆನೆಸುವುದು 8ರಿಂದ 12 ಗಂಟೆ ಸಾಕು. ಎರಡು ದಿನ ಮುಳುಗಿಸಿಟ್ಟರೆ ಆಮ್ಲಜನಕ ಸಿಗದೆ ಕೊಳೆತು ನಾರುತ್ತದೆ.

ಹಾವಸೆಹಸಿರು
ಎಲ್ಲರೂ ಹೂಬಿಡುವ ಸಸ್ಯಗಳಲ್ಲೇ ಮುಳುಗಿದ್ದೀರಿ. ಜರೀಗಿಡಕ್ಕೂ ಸ್ವಲ್ಪ ಜಾಗ ಕೊಡಿ. ಎಲೆಯ ಅಡಿಯಲ್ಲಿ ಕಂದು ಚುಕ್ಕೆಗಳ ಸಾಲು ಇರುವ ಗರಿಯನ್ನು ಬಿಳಿ ಕಾಗದದ ಮೇಲೆ ಕವುಚಿ ರಾತ್ರಿ ಪುಸ್ತಕದ ಕೆಳಗಿಡಿ. ಬೆಳಗ್ಗೆ ಕಾಗದದ ಮೇಲೆ ಗರಿಯ ಅಚ್ಚು, ಕಂದು ಪುಡಿಯಲ್ಲಿ. ಆ ಪುಡಿಯೇ ಬೀಜಕಗಳು, ಜರೀಗಿಡ ಬೀಜದ ಬದಲು ಹರಡುವ ಸೂಕ್ಷ್ಮ ಕಣಗಳು. ಕುದಿನೀರು ಸುರಿದು ಆರಿಸಿದ ಮಣ್ಣಿನ ಮೇಲೆ ಉದುರಿಸಿ, ಪಾರದರ್ಶಕ ಮುಚ್ಚಳ ಹಾಕಿ, ನೇರ ಬಿಸಿಲಿಲ್ಲದ ಬೆಳಕಲ್ಲಿಡಿ. ಕೆಲವು ವಾರಕ್ಕೆ ಹಸಿರು ಪೊರೆ, ಆಮೇಲೆ 5ರಿಂದ 10 ಮಿಲಿಮೀಟರ್ ಅಗಲದ ಹೃದಯಾಕಾರದ ಹಾಳೆಗಳು. ಲಿಂಗಾಣು ಹುಟ್ಟುವುದು ಅಲ್ಲಿ. ಗಂಡು ಲಿಂಗಾಣು ಈಜಿಕೊಂಡೇ ಹೋಗಬೇಕು, ಅದಕ್ಕೆ ನೀರಿನ ತೆಳುಪೊರೆ ಬೇಕು. ಹೂಬಿಡುವ ಸಸ್ಯದಲ್ಲಿ ಆ ನೀರಿನ ಅಗತ್ಯವನ್ನು ಕಳೆದದ್ದೇ ಪರಾಗನಾಳ. ಈ ಹೋಲಿಕೆ ಇಲ್ಲದಿದ್ದರೆ ಪರಾಗನಾಳ ಯಾಕೆ ಇದೆ ಅನ್ನುವುದೇ ಮಕ್ಕಳಿಗೆ ತಿಳಿಯುವುದಿಲ್ಲ.

ಮಣ್ಣನ್ನು ಕುದಿನೀರಿನಿಂದ ತೊಳೆಯದಿದ್ದರೆ ಬೂಷ್ಟು, ಹಾವಸೆ ಮೊದಲು ಆಕ್ರಮಿಸುತ್ತವೆ. ಇನ್ನೊಂದು ಐದು ನಿಮಿಷದ ಪ್ರಯೋಗ: ಬಲಿತ ಕಂದು ಚುಕ್ಕೆಯನ್ನು ಕೆರೆದು ಸ್ಲೈಡ್ ಮೇಲೆ ಹಾಕಿ, ಗ್ಲಿಸರಿನ್ ಒಂದು ಹನಿ ಬಿಟ್ಟು ತಕ್ಷಣ ನೋಡಿ. ಗ್ಲಿಸರಿನ್ ನೀರು ಹೀರಿದಂತೆ ಬೀಜಕಕೋಶದ ಬೆನ್ನಿನ ಪಟ್ಟಿ ಹಿಂದಕ್ಕೆ ಬಾಗುತ್ತಾ ಹೋಗಿ ಫಕ್ಕನೆ ಮರಳಿ ಬೀಜಕಗಳನ್ನು ಚಿಮ್ಮುತ್ತದೆ. ಮಕ್ಕಳು ಸೂಕ್ಷ್ಮದರ್ಶಕ ಬಿಟ್ಟು ಏಳುವುದಿಲ್ಲ.

ಸೂಜಿಮಲ್ಲಿ
7 ಪೀರಿಯಡ್‌ನಲ್ಲಿ ಇಷ್ಟೆಲ್ಲ ಆಗುತ್ತದಾ? ಜರೀಗಿಡ, ಮೆಕ್ಕೆಜೋಳ, ತೆಂಗು, ಕುಂಬಳ... ಒಬ್ಬರೇ ಶಿಕ್ಷಕರು, ಒಂದೇ ಸೂಕ್ಷ್ಮದರ್ಶಕ, ತರಗತಿ ತುಂಬ ಮಕ್ಕಳು.

ತೆನೆಕಟ್ಟು
ಎಲ್ಲ ಮಾಡಿ ಅಂತ ಯಾರೂ ಹೇಳುತ್ತಿಲ್ಲ ಮೇಡಂ. ಕಾಯಿ, ಹೂ, ನಾಳ, ಬೀಜ, ಈ ನಾಲ್ಕು ಬಿಡಬೇಡಿ. ಉಳಿದದ್ದು ಗಿಡ ಸಿಕ್ಕರೆ, ಸಮಯ ಸಿಕ್ಕರೆ.

ಜೇನುಗೂಡು
ಒಂದು ತಿದ್ದುಪಡಿ ಮಾತ್ರ ಎಲ್ಲರೂ ಮಾಡಿ. "ಜೇನು ಪರಾಗಸ್ಪರ್ಶ ಮಾಡಲು ಹೂವಿಗೆ ಬರುತ್ತದೆ" ಅಂತ ಬರೆಸಬೇಡಿ. ಅದು ಬರುವುದು ಮಕರಂದಕ್ಕೆ, ಪರಾಗಕ್ಕೆ, ತನ್ನ ಊಟಕ್ಕೆ. ಹಿಂಗಾಲಿನ ಬುಟ್ಟಿಯಲ್ಲಿ ಮಕರಂದ ಬೆರೆಸಿ ಒತ್ತಿ ತುಂಬಿದ ಪರಾಗ ಹೆಚ್ಚುಕಡಿಮೆ ಗೂಡಿಗೇ ಹೋಗುತ್ತದೆ. ಶಲಾಕಾಗ್ರಕ್ಕೆ ತಗಲುವುದು ಮೈರೋಮಕ್ಕೆ ಅಂಟಿದ ಬಿಡಿ ರೇಣುಗಳು.

ಮೊಗ್ಗುಮೊಳೆ
ಸೂರ್ಯಕಾಂತಿ ಒಂದು ಹೂ ಅಲ್ಲ, ನೂರಾರು ಹೂಗಳ ಗೊಂಚಲು ಅನ್ನುವುದನ್ನೂ ಸೇರಿಸಿ. ಹೊರಸುತ್ತಿನ ಹಳದಿ ಎಸಳಿನಂಥವು ಬೀಜ ಕಟ್ಟುವುದಿಲ್ಲ. ಒಳಗಿನ ಪುಟ್ಟ ಹೂಗಳು ಅಂಚಿನಿಂದ ನಡುವಿಗೆ ಸುತ್ತುಸುತ್ತಾಗಿ ಅರಳುತ್ತವೆ, ಹಾಗಾಗಿ ಒಂದೇ ತಟ್ಟೆಯಲ್ಲಿ ಮೊಗ್ಗು, ಗಂಡು ಹಂತ, ಹೆಣ್ಣು ಹಂತ ಮೂರೂ ಸಿಗುತ್ತವೆ.

ಹಸಿರುಹಲಗೆ
ಸರಿ, ಮೊದಲ ದಿನ ಬಟಾಣಿ, ಎರಡನೇ ದಿನ ದಾಸವಾಳ ಮತ್ತು ಬೆಂಡೆ ಪಕ್ಕಪಕ್ಕ, ಮೂರನೇ ದಿನ ಕರ್ಣಕುಂಡಲದ ಪರಾಗ ಅಂತ ಇಟ್ಟುಕೊಂಡಿದ್ದೇನೆ. ಮೂರನೇ ಪೀರಿಯಡ್ ಮಧ್ಯಾಹ್ನ 3ಕ್ಕೆ ಬರುತ್ತದೆ. ಬೆಳಗ್ಗೆ ಕಿತ್ತ ಹೂ ನಡೆಯುತ್ತದಾ? ಒಂದೇ ಸೂಕ್ಷ್ಮದರ್ಶಕದಲ್ಲಿ ಎಲ್ಲರಿಗೂ ತೋರಿಸುವುದು ಹೇಗೆ?

ಲ್ಯಾಬ್‌ಮೂಲೆ
ಕಿತ್ತು ಮೇಜಿನ ಮೇಲೆ ಬಿಟ್ಟ ಹೂ ನಡೆಯುವುದಿಲ್ಲ, ಮಧ್ಯಾಹ್ನಕ್ಕೆ ಮೊಳೆಯುವುದು ಬಹಳ ಕಡಿಮೆಯಾಗುತ್ತದೆ. ಸಾಧ್ಯವಾದರೆ ಆ ದಿನದ ಪೀರಿಯಡ್ ಬೆಳಗ್ಗೆಗೆ ಬದಲಾಯಿಸಿಕೊಳ್ಳಿ. ಆಗದಿದ್ದರೆ ಕುಂಡದಲ್ಲಿರುವ ಗಿಡವನ್ನೇ ತರಗತಿಗೆ ತಂದು, ಪೀರಿಯಡ್ ಶುರುವಾದ ಮೇಲೆ ಬಿಳಿ ಟೊಪ್ಪಿ ಇರುವ ಹೂ ಆರಿಸಿ ಅಲ್ಲೇ ಕೀಳಿ.

ಸೂಕ್ಷ್ಮದರ್ಶಕದ ಕಣ್ಮಸೂರಕ್ಕೆ ಫೋನಿನ ಕ್ಯಾಮೆರಾ ನೇರವಾಗಿ ಹಿಡಿದು, ಅಲುಗಾಡದಂತೆ ಕಟ್ಟಿ, 5 ನಿಮಿಷಕ್ಕೊಂದು ಚಿತ್ರ ತೆಗೆಯಿರಿ. ಸ್ಲೈಡ್ ಜರುಗಿಸಬಾರದು, ಅದೇ ರೇಣು ಎಲ್ಲ ಚಿತ್ರದಲ್ಲೂ ಇರಬೇಕು. ಮುಚ್ಚಿಡುವುದು ಆಗದ್ದರಿಂದ ಹನಿ ಆರುತ್ತದೆ, ಅಂಚಿಗೆ ಆಗಾಗ ಅದೇ ದ್ರಾವಣದ ಒಂದು ಪುಟ್ಟ ಹನಿ ಸೇರಿಸಿ. ನೀರು ಸೇರಿಸಿದರೆ ಸಕ್ಕರೆ ತೆಳುವಾಗಿ ನಾಳದ ತುದಿ ಬಿರಿಯುತ್ತದೆ. ರೇಣುವಿನ ಅಗಲಕ್ಕೆ ಎಷ್ಟು ಪಟ್ಟು ನಾಳ ಉದ್ದವಾಯಿತು ಅಂತ ಮಕ್ಕಳು ಚಿತ್ರದಲ್ಲೇ ಅಳೆಯಲಿ.

ಬೇರುಚಿಗುರು
ಪರಾಗದ ಅಲರ್ಜಿ, ಉಬ್ಬಸ ಇರುವ ಮಕ್ಕಳು ಇದ್ದಾರಾ ಅಂತ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಅವರಿಗೆ ಒದ್ದೆ ಸ್ಲೈಡ್ ಕೊಡಿ, ಒಣ ಪರಾಗ ಉದುರಿಸುವ ಕೆಲಸ ಬೇಡ. ನಿತ್ಯಪುಷ್ಪ ಬಳಸಿದರೆ ಅದರ ಹಾಲು ವಿಷ, ಎಲ್ಲರೂ ಕೈ ತೊಳೆಯಬೇಕು.